ರೈಡರ್‌ಗೆ ಹಾರ, ಕಾರ್ನರ್‌ಗೆ ಬ್ಯಾಂಡೇಜ್

ಭಾಗ 1

ಮೊದಲನೇ ಫೋಟೋ ನೋಡಿ. ಮಧ್ಯದಲ್ಲಿ ಕಪ್ ಎತ್ತಿ ಹಿಡಿದಿರೋನು ನಮ್ಮ ರೈಡರ್. ಕುತ್ತಿಗೆ ತುಂಬ ಹಾರ. ಎಡಗಡೆ ಕೊನೇಲಿ ಅರ್ಧ ಮುಖ ಕಟ್ ಆಗಿದೆಯಲ್ಲ, ಅವನು ನಮ್ಮ ಲೆಫ್ಟ್ ಕಾರ್ನರ್. ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜ್. ಎರಡು ವರ್ಷದ ಹಿಂದೆ ಪಕ್ಕದ ಊರಿನ ಗಣೇಶನ ಹಬ್ಬದ ಪಂದ್ಯಾವಳಿ, ನಾವು ರನ್ನರ್ ಅಪ್. ಸೆಮಿಫೈನಲ್‌ನಲ್ಲಿ ಆ ಅರ್ಧ ಮುಖದೋನು ಐದು ಸಲ ಹಿಡಿದಿದ್ದ. ಈ ಫೋಟೋ ಆವತ್ತು ಹಾಕಿದಾಗ ಅವನನ್ನ ಟ್ಯಾಗ್ ಮಾಡೋದನ್ನೂ ನಾನು ಮರೆತಿದ್ದೆ. ಹಾಗಾಗಿ ಮೊದಲ ತಪ್ಪು ನಂದೇ.

ಈಗ ಯಾಕೆ ಇದು ಅಂದ್ರೆ, ಕಳೆದ ಶನಿವಾರ ರಾತ್ರಿ ಗುಡಿ ಕಟ್ಟೆ ಮೇಲೆ ತಂಡದ ಮೀಟಿಂಗ್ ಆಯ್ತು. ಊರೋರ ಹತ್ರ, ಅಂಗಡಿಯೋರ ಹತ್ರ, ದಾವಣಗೆರೆಯಲ್ಲಿ ಕೆಲಸ ಮಾಡೋ ಅಣ್ಣಂದಿರ ಹತ್ರ ಎತ್ತಿದ ದುಡ್ಡು ಒಟ್ಟು 22 ಸಾವಿರ ಆಗೈತೆ. ಬಹುತೇಕರ ಮಾತು ಒಂದೇ: ದೀಪಾವಳಿ ಪಂದ್ಯಾವಳಿಗೆ ಹೊರಗಿಂದ ಒಬ್ಬ ಗೆಸ್ಟ್ ರೈಡರ್ ಕರೆಸೋಣ, ಅವನಿಗೆ ಹನ್ನೆರಡು ಸಾವಿರ, ಉಳಿದದ್ದು ಜೆರ್ಸಿ ಮತ್ತು ಊಟಕ್ಕೆ.

ನಾನು ಬೇಡ ಅಂದೆ. ಯಾಕೆ ಅಂತ ಕೇಳಿದ್ರು. ಆವಾಗ ನಾಲಿಗೆ ಹೊರಳಲಿಲ್ಲ. ಕಟ್ಟೆ ಮೇಲೆ ಹದಿನೈದು ಜನ ಒಟ್ಟಿಗೆ ಮಾತಾಡ್ತಿದ್ರೆ ಯಾರ ನಾಲಿಗೆ ಹೊರಳುತ್ತೆ ಹೇಳ್ರಿ. ಅದಕ್ಕೇ ಇಲ್ಲಿ ಬರೀತಿದೀನಿ. ಬಯ್ಯೋರು ಪೂರ್ತಿ ಓದಿ ಬಯ್ರಿ.

ಭಾಗ 2

ಕಾಲೇಜಲ್ಲಿ ಕಬಡ್ಡಿ ಆಡದೇ ಇರೋ ಫ್ರೆಂಡ್ಸ್ ಕೂಡ ಇದನ್ನ ಓದ್ತಾರೆ, ಅದಕ್ಕೆ ಒಂದು ನಿಯಮ ಮೊದಲು ಹೇಳ್ತೀನಿ.

ಔಟಾದ ಆಟಗಾರ ಬೆಂಚಲ್ಲಿ ಕೂರ್ತಾನೆ. ಅವನು ವಾಪಸ್ ಬರಬೇಕಂದ್ರೆ ಅವನ ತಂಡ ಎದುರಿನವರನ್ನ ಔಟ್ ಮಾಡಬೇಕು. ಒಬ್ಬ ಔಟಾದ್ರೆ ನಮ್ಮೋನು ಒಬ್ಬ ಒಳಗೆ. ಬೋನಸ್ ಪಾಯಿಂಟ್ ತಗೊಂಡ್ರೆ ಸ್ಕೋರ್ ಏರುತ್ತೆ, ಆದ್ರೆ ಬೆಂಚಲ್ಲಿ ಕೂತೋನು ಏಳಲ್ಲ.

ಈಗ ಯೋಚನೆ ಮಾಡಿ. ಮೇನ್ ರೈಡರ್ ಔಟ್ ಆದ. ಅವನನ್ನ ಎಬ್ಬಿಸೋರು ಯಾರು? ಎರಡನೇ ರೈಡರ್ ಹೋಗಿ ಟಚ್ ತರಬೇಕು, ಅಥವಾ ಎದುರಿನ ರೈಡರ್ ಬಂದಾಗ ನಾವು ಹಿಡಿಯಬೇಕು. ಎರಡನೇ ರೈಡರ್ ಅಷ್ಟು ಚೆನ್ನಾಗಿದ್ರೆ ಅವನೇ ಮೇನ್ ಆಗ್ತಿದ್ದ. ಹಾಗಾಗಿ ನಮ್ಮಂಥ ಊರ ತಂಡದಲ್ಲಿ ಮೇನ್ ರೈಡರ್‌ನ ಬೆಂಚಿಂದ ಎಬ್ಬಿಸೋದು ಡಿಫೆನ್ಸೇ. ರೈಡರ್‌ಗೆ ದುಡ್ಡು ಕೊಟ್ಟು ಡಿಫೆನ್ಸ್‌ನ ಹಾಗೇ ಬಿಟ್ರೆ, ಆ ದುಡ್ಡು ಬೆಂಚಲ್ಲಿ ಕೂತಿರುತ್ತೆ.

ಹೋದ ವರ್ಷ ಆಗಿದ್ದೂ ಇದೇ. ಎಲ್ರಿಗೂ ನೆನಪಿದೆ, ಯಾರೂ ಬಾಯಿ ಬಿಡಲ್ಲ. ಹತ್ತು ಸಾವಿರ ಕೊಟ್ಟು ಗೆಸ್ಟ್ ರೈಡರ್ ತಂದ್ವಿ. ಒಳ್ಳೇ ಹುಡುಗ, ಆಟವೂ ಒಳ್ಳೇದೇ, ಅವನ ಮೇಲೆ ನಂಗೆ ಸಿಟ್ಟಿಲ್ಲ. ಮೊದಲ ಮೂರು ರೈಡ್‌ನಲ್ಲಿ ನಾಲ್ಕು ಪಾಯಿಂಟ್ ತಂದ. ನಾಲ್ಕನೇ ನಿಮಿಷಕ್ಕೆ ಸಿಕ್ಕಿಬಿದ್ದ. ಆಮೇಲೆ ಒಬ್ಬರನ್ನೂ ನಾವು ಹಿಡೀಲಿಲ್ಲ. ಅವನು ಮತ್ತೆ ಒಳಗೆ ಬಂದಿದ್ದು ನಾವು ಏಳೂ ಜನ ಆಲ್ ಔಟ್ ಆಗಿ ಲೋನಾ ಕೊಟ್ಟ ಮೇಲೆ, ಹನ್ನೊಂದನೇ ನಿಮಿಷಕ್ಕೆ. ಏಳು ನಿಮಿಷ ಟವೆಲ್ ಹೊದ್ಕೊಂಡು ಕೂತಿದ್ದ ಪಾಪ. ಆರು ಪಾಯಿಂಟಿಂದ ಸೋತ್ವಿ.

ಆವತ್ತು ಲೆಫ್ಟ್ ಕಾರ್ನರ್ ಮೊಣಕಾಲು ಊದ್ಕೊಂಡು ಮನೇಲಿದ್ದ. ಅವನ ಜಾಗಕ್ಕೆ ನಿಂತೋನು ನಾನು. ನಾನು ರೈಟ್ ಕವರ್. ಹತ್ತನೇ ಕ್ಲಾಸಿಂದ ಅಲ್ಲೇ ನಿಂತೋನು. ಎಡ ಮೂಲೆಗೆ ಹೋದ ತಕ್ಷಣ ಅಂಕಣವೇ ತಲೆಕೆಳಗಾದ ಹಾಗೆ ಆಯ್ತು. ಬಲಗೈ ರೈಡರ್‌ಗಳೇ ಜಾಸ್ತಿ, ಅವರ ಬಲಗೈ ಬರೋದು ನಮ್ಮ ಎಡಕ್ಕೆ. ನಾಲ್ಕು ಸಲ ಟಚ್ ಆದೆ. ಒಂದು ಸಲ ಕಾಲು ಹಿಡೀಬೇಕಾದ ಕಡೆ ಅಭ್ಯಾಸಬಲದಿಂದ ಡ್ಯಾಶ್ ಹೊಡೆಯೋಕೆ ಹೋಗಿ ನಾನೇ ಲೈನ್ ಆಚೆ ಬಿದ್ದೆ. ವೀಡಿಯೋ ಇದೆ, ಹಾಕಲ್ಲ.

ಭಾಗ 3

ಈ ಫೋಟೋ ನಮ್ಮ ಆಟದ್ದಲ್ಲ. ಹೆಲ್ಮೆಟ್ ಹಾಕ್ಕೊಂಡಿರೋ ಐದು ಜನ ದಡೂತಿ ಅಣ್ಣಂದಿರು, ಸಾಲಾಗಿ ಬಗ್ಗಿದಾರೆ. ಅಮೆರಿಕನ್ ಫುಟ್‌ಬಾಲ್. ನಮ್ಮ ಫುಟ್‌ಬಾಲ್ ಅಲ್ಲ ಅದು, ಕೈಯಲ್ಲೇ ಆಡೋದು, ಯಾಕೆ ಆ ಹೆಸರು ಇಟ್ಟರೋ ಗೊತ್ತಿಲ್ಲ. ರಾತ್ರಿ ನಿದ್ದೆ ಬರದೆ ನೋಡೋಕೆ ಶುರು ಮಾಡಿ ನಾನು ಅದಕ್ಕೆ ಅಂಟ್ಕೊಂಡೆ.

ಆ ಐದು ಜನಕ್ಕೆ ಆಫೆನ್ಸಿವ್ ಲೈನ್ ಅಂತಾರೆ. ಮಧ್ಯದಲ್ಲಿ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಕೊನೇಲಿ ಒಬ್ಬೊಬ್ಬ ಟ್ಯಾಕಲ್. ಕೆಲಸ ಏನಪ್ಪಾ ಅಂದ್ರೆ ಹಿಂದೆ ನಿಂತಿರೋ ಕ್ವಾರ್ಟರ್‌ಬ್ಯಾಕ್‌ನ ಕಾಯೋದು, ಓಡೋರಿಗೆ ದಾರಿ ಮಾಡಿಕೊಡೋದು. ಸಾಮಾನ್ಯವಾಗಿ ಇವರು ಚೆಂಡು ಹಿಡಿಯಲ್ಲ, ಪಾಯಿಂಟ್ ಹೊಡೆಯಲ್ಲ. ಹೆಸರು ಕೇಳಿಬರೋದು ತಪ್ಪು ಮಾಡಿದಾಗ ಮಾತ್ರ. ಕೇಳ್ತಾ ಕೇಳ್ತಾ ನಮ್ಮ ಲೆಫ್ಟ್ ಕಾರ್ನರ್ ಮುಖ ಕಣ್ಮುಂದೆ ಬಂತು.

ಕಾನ್ಸಾಸ್ ಸಿಟಿ ಚೀಫ್ಸ್ ಅಂತ ಒಂದು ತಂಡ. ಪ್ಯಾಟ್ರಿಕ್ ಮಹೋಮ್ಸ್ ಅವರ ಕ್ವಾರ್ಟರ್‌ಬ್ಯಾಕ್, ಆ ಆಟದ ಈಗಿನ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ. 2021ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್‌ಗೆ ಇವರ ಎರಡೂ ಟ್ಯಾಕಲ್‌ಗಳು ಗಾಯದಿಂದ ಇರಲಿಲ್ಲ. ಬೇರೆ ಜಾಗದೋರನ್ನ ತಂದು ನಿಲ್ಲಿಸಿದ್ರು. ಮಹೋಮ್ಸ್ ಇಡೀ ಪಂದ್ಯ ಜೀವ ಉಳಿಸ್ಕೊಳ್ಳೋಕೆ ಹಿಂದಕ್ಕೆ ಓಡ್ತಾ ಇದ್ದ. 31-9ರಲ್ಲಿ ಸೋತ್ರು. ಒಂದು ಟಚ್‌ಡೌನ್ ಕೂಡ ಇಲ್ಲ.

ಆಮೇಲೆ ಅವರು ಇನ್ನೊಬ್ಬ ಸ್ಟಾರ್‌ನ ಹುಡುಕ್ಕೊಂಡು ಹೋಗಲಿಲ್ಲ. ಕೆಲವೇ ತಿಂಗಳಲ್ಲಿ ಲೈನ್‌ನೇ ಕಿತ್ತು ಹೊಸದಾಗಿ ಕಟ್ಟಿದ್ರು. ಜೋ ಟೂನಿ ಅನ್ನೋ ಗಾರ್ಡ್‌ಗೆ ದುಡ್ಡು ಸುರಿದ್ರು, ಒಬ್ಬ ಟ್ಯಾಕಲ್‌ನ ಬೇರೆ ತಂಡದಿಂದ ವಿನಿಮಯದಲ್ಲಿ ತಂದ್ರು, ಡ್ರಾಫ್ಟ್‌ನಲ್ಲಿ ಕ್ರೀಡ್ ಹಂಫ್ರಿ, ಟ್ರೇ ಸ್ಮಿತ್ ಅನ್ನೋ ಹುಡುಗರನ್ನ ಆರಿಸಿದ್ರು. ಸ್ಮಿತ್ ಸಿಕ್ಕಿದ್ದು ಆರನೇ ಸುತ್ತಿನಲ್ಲಿ, ಅಂದ್ರೆ ಬೇರೆಯೋರೆಲ್ಲ ಬೇಡ ಅಂತ ಬಿಟ್ಟ ಮೇಲೆ. 2023ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ಫೈನಲ್. ಮಹೋಮ್ಸ್‌ನ ಒಂದು ಸಲವೂ ಕೆಡವೋಕೆ ಬಿಡಲಿಲ್ಲ. 38-35, ಕಪ್ ಇವರದ್ದು. ಮುಂದಿನ ವರ್ಷವೂ ಇವರದ್ದೇ.

ಇಲ್ಲಿಗೆ ನಿಲ್ಲಿಸಿದ್ರೆ ನನಗೆ ಅನುಕೂಲ, ಆದ್ರೆ ಕತೆ ಮುಂದಕ್ಕೈತೆ. 2025ರ ಫೆಬ್ರವರಿಯಲ್ಲಿ ಅದೇ ಎರಡು ತಂಡ, ಮತ್ತೆ ಫೈನಲ್. ಚೀಫ್ಸ್‌ಗೆ ಲೆಫ್ಟ್ ಟ್ಯಾಕಲ್ ಜಾಗಕ್ಕೆ ಆ ವರ್ಷ ಸರಿಯಾದೋರು ಸಿಗಲಿಲ್ಲ. ಗಾರ್ಡ್ ಆಗಿದ್ದ ಟೂನಿಯನ್ನೇ ಅಲ್ಲಿ ನಿಲ್ಲಿಸಿದ್ರು. ಗಾರ್ಡ್ ಜಾಗದಲ್ಲಿ ಅವನು ದೇಶದಲ್ಲೇ ಮೊದಲ ಸಾಲಿನೋನು. ಆದ್ರೂ ಮಹೋಮ್ಸ್ ಆರು ಸಲ ನೆಲಕ್ಕೆ ಬಿದ್ದ, 40-22ಕ್ಕೆ ಸೋಲು.

ಟೂನಿ ಅಣ್ಣನ ಕಷ್ಟ ನಂಗೆ ಅರ್ಥ ಆಗುತ್ತೆ. ಅವನಿಗೆ ಕೋಟಿಗಟ್ಟಲೆ ಸಂಬಳ, ನಂಗೆ ಕಟ್ಟೆ ಮೇಲೆ ಬೈಗುಳ, ಅಷ್ಟೇ ವ್ಯತ್ಯಾಸ.

ಭಾಗ 4

"ಅಮೆರಿಕದ್ದು ಬಿಡೋ, ಬುಲ್ಸ್ ಬಗ್ಗೆ ಹೇಳು" ಅಂತ ಕಾಮೆಂಟ್ ಬರೋ ಮೊದಲೇ ಹೇಳ್ತೀನಿ.

2019ರ ಜನವರಿ 5, ಪ್ರೊ ಕಬಡ್ಡಿ ಆರನೇ ಸೀಸನ್ ಫೈನಲ್. ಗುಜರಾತ್ ಮೇಲೆ 38-33. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್. ನಾವೆಲ್ಲ ಚಿಕ್ಕೋರು, ಮಾರನೇ ದಿನ ಶಾಲೆ ಮೈದಾನದಲ್ಲಿ ಎಲ್ಲರೂ ಪವನ್ ಆಗಿದ್ವಿ. ಯಾರೂ ಮಹೇಂದರ್ ಸಿಂಗ್ ಆಗಲಿಲ್ಲ. ಆಶಿಷ್ ಸಾಂಗ್ವಾನ್, ಅಮಿತ್ ಶಿಯೋರಾನ್ ಅನ್ನೋ ಹೆಸರು ಇವತ್ತು ನಮ್ಮ ತಂಡದಲ್ಲಿ ಎಷ್ಟು ಜನಕ್ಕೆ ಗೊತ್ತು? ಪವನ್ ಔಟಾದಾಗಲೆಲ್ಲ ಅವನನ್ನ ಅಂಕಣಕ್ಕೆ ವಾಪಸ್ ತರೋ ಕೆಲಸ ಈ ಹಿಡಿತಗಾರರದ್ದು.

ಈಗ 2024. ಹನ್ನೊಂದನೇ ಸೀಸನ್‌ಗೆ ಬುಲ್ಸ್ ಹರಾಜಿನಲ್ಲಿ ಪರದೀಪ್ ನರ್ವಾಲ್‌ನ ತಂತು. ಡುಬ್ಕಿ ಕಿಂಗ್! ಪ್ರೊ ಕಬಡ್ಡಿ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಇರೋನು. ನಾನೂ ಸ್ಟೇಟಸ್ ಹಾಕಿದ್ದೆ, ಸುಳ್ಳು ಹೇಳಲ್ಲ. 22 ಪಂದ್ಯದಲ್ಲಿ ಗೆದ್ದಿದ್ದು ಎರಡು. ಪಟ್ಟಿಯಲ್ಲಿ ಕಟ್ಟಕಡೆ. ಅದರಲ್ಲೂ ಗಮನಿಸಿ, ಆ ತಂಡದಲ್ಲಿ ಹಿಡಿಯೋರು ಇರಲೇ ಇಲ್ಲ ಅಂತಲ್ಲ. ನಿತಿನ್ ರಾವಲ್ ಆ ಸೀಸನ್ನಿನ ಒಳ್ಳೇ ಡಿಫೆಂಡರ್‌ಗಳಲ್ಲಿ ಒಬ್ಬ. ಒಬ್ಬ ಹಿಡಿದ್ರೆ ಚೈನ್ ಆಗಲ್ಲ ಕಣ್ರೋ.

ಅದೇ ಸೀಸನ್ ಫೈನಲ್ ಇನ್ನೂ ಚೆನ್ನಾಗಿದೆ. ಒಂದು ಕಡೆ ಪಟ್ನಾ ಪೈರೇಟ್ಸ್, ಸೀಸನ್ನಿಗೆ 300ಕ್ಕೂ ಹೆಚ್ಚು ರೈಡ್ ಪಾಯಿಂಟ್ ಮಾಡಿದ ದೇವಾಂಕ್ ಅವರ ಹತ್ರ. ಇನ್ನೊಂದು ಕಡೆ ಹರಿಯಾಣ ಸ್ಟೀಲರ್ಸ್, ಎಡ ಮೂಲೆಯಲ್ಲಿ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ, ಜೊತೆಗೆ ಕೆಲವು ಸೀಸನ್‌ನಿಂದ ಆ ತಂಡ ಬಿಟ್ಟುಕೊಡದೆ ಬೆಳೆಸಿದ ಜೈದೀಪ್, ರಾಹುಲ್. 32-23, ಹರಿಯಾಣ ಚಾಂಪಿಯನ್. ದೇವಾಂಕ್‌ನ ಕಟ್ಟಿ ಹಾಕಿದ್ರು. ಅದರ ಹಿಂದಿನ ಸೀಸನ್‌ನಲ್ಲಿ ಪುಣೇರಿ ಪಲ್ಟನ್ ಗೆದ್ದಾಗ ಎಡ ಮೂಲೆಯಲ್ಲಿ ಇದ್ದೋನು ಯಾರು? ಅದೇ ಶಾದ್ಲೂಯಿ. ಆ ಪುಣೇರಿ ತಂಡದ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಹೊರಗಿನೋರು ನಮ್ಮೋರ ಬುದ್ಧಿ ಕೇಳಿ ಕಪ್ ಎತ್ತಿದ್ರು.

ಇನ್ನೂ ಹಿಂದೆ ಹೋದ್ರೆ 2018ರ ಜಕಾರ್ತ ಏಷ್ಯನ್ ಗೇಮ್ಸ್. 1990ರಿಂದ ಪ್ರತಿ ಸಲ ಚಿನ್ನ ತಂದಿದ್ದ ನಮ್ಮ ಪುರುಷರ ತಂಡ ಸೆಮಿಫೈನಲ್‌ನಲ್ಲಿ ಇರಾನ್ ಕೈಲಿ 27-18ಕ್ಕೆ ಸೋಲ್ತು. ನಮ್ಮ ಕಡೆ ರೈಡರ್‌ಗಳಿಗೆ ಬರ ಇತ್ತಾ? ದೇಶದ ದೊಡ್ಡ ದೊಡ್ಡ ಹೆಸರೆಲ್ಲ ಅಲ್ಲೇ ಇತ್ತು. ಆದ್ರೂ 18ಕ್ಕೆ ನಿಂತ್ವಿ, ಯಾಕಂದ್ರೆ ಆಚೆ ಫಜಲ್ ಅತ್ರಾಚಲಿ ಮತ್ತು ಅವನ ಗೋಡೆ.

ಭಾಗ 5

ಸರಿ, ಹಾಗಾದ್ರೆ ಕಟ್ಟೋದು ಹೇಗೆ. ಇಲ್ಲಿ ನನ್ನ ಅಭಿಪ್ರಾಯ ಶುರು, ಒಪ್ಪದಿದ್ರೆ ಜಗಳಕ್ಕೆ ಬರ್ರಿ.

ಮೊದಲು ಎರಡು ಕಾರ್ನರ್. ಅದಕ್ಕಿಂತ ಮುಂಚೆ ಯಾರ ಹೆಸರೂ ಬರೀಬಾರದು. ಕಾರ್ನರ್ ತಪ್ಪಿದ್ರೆ ಕವರ್‌ಗಳು ಎಷ್ಟು ಚೆನ್ನಾಗಿದ್ರೂ ದಂಡ, ಯಾಕಂದ್ರೆ ಹಿಡಿತ ಶುರುವಾಗೋದೇ ಮೂಲೆಯಿಂದ. ಅವನು ಕಾಲಿಗೆ ಬಿದ್ದಾಗ ರೈಡರ್ ಅರ್ಧ ಸೆಕೆಂಡ್ ನಿಲ್ತಾನೆ, ಆ ಅರ್ಧ ಸೆಕೆಂಡಿನಲ್ಲಿ ಕವರ್ ಬಂದು ಮುಗಿಸಬೇಕು. ನನ್ನ ಕೆಲಸ ಆ ಎರಡನೇದು. ಫೋಟೋದಲ್ಲಿ ನಾನು ಹಿಡಿದ ಹಾಗೆ ಕಾಣುತ್ತೆ, ಹಿಡಿದೋನು ಕೆಳಗೆ ಮಣ್ಣಲ್ಲಿರ್ತಾನೆ.

ಮೂಲೆಗೆ ಎಂಥೋನು ಬೇಕು? ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸ ಐತೆ: ಓಡೋಕೆ ಬರದೇ ಇರೋನನ್ನ, ಲೇಟಾಗಿ ಬಂದೋನನ್ನ, "ಹೋಗ್ಲಿ ಮೂಲೇಲಿ ನಿಂತ್ಕೊ" ಅಂತ ಅಲ್ಲಿ ನಿಲ್ಲಿಸ್ತೀವಿ. ಉಳಿದೋರು ನಿಲ್ಲೋ ಜಾಗ ಅಲ್ಲ ಅದು. ಸೊಂಟ ಬಗ್ಗಿಸಿ ಮೂವತ್ತು ಸೆಕೆಂಡ್ ಕಾಯೋ ತಾಳ್ಮೆ ಬೇಕು, ಮುಂಗೈಯಲ್ಲಿ ಪಟ್ಟು ಬೇಕು, ಹೊಡೆತ ತಿಂದ್ರೂ ಕಣ್ಣು ಮುಚ್ಚಬಾರದು. ಇಂಥ ಹುಡುಗರು ನಮ್ಮ ಕಡೆ ಎಲ್ಲಿದಾರೆ ಗೊತ್ತಾ? ಗರಡೀಲಿ. ದಾವಣಗೆರೆ ಅಂದ್ರೆ ಹೊರಗಿನೋರಿಗೆ ಬೆಣ್ಣೆ ದೋಸೆ, ನಮಗೆ ಜಾತ್ರೆ ಕುಸ್ತಿ. ಅಖಾಡದಲ್ಲಿ ಕಾಲು ಹಿಡಿದು ಎಳೆದು ಕೆಡವೋ ಹುಡುಗನಿಗೆ ಆಂಕಲ್ ಹೋಲ್ಡ್ ಹೊಸದಲ್ಲ. ಇರಾನ್ ಕೂಡ ಕುಸ್ತಿ ದೇಶವೇ, ಅಲ್ಲಿನ ಡಿಫೆಂಡರ್‌ಗಳು ನೆಲಕ್ಕೆ ಕಚ್ಚಿಕೊಳ್ಳೋ ರೀತಿ ನೋಡಿದ್ರೇ ಗೊತ್ತಾಗುತ್ತೆ.

"ಕುಸ್ತಿಯೋನಿಗೆ ಕಬಡ್ಡಿ ಬರಲ್ಲ, ಉಸಿರು ಕಟ್ಟಲ್ಲ, ರೂಲ್ ಗೊತ್ತಿಲ್ಲ" ಅಂತೀರಿ. ಈಗಲ್ಸ್ ತಂಡದ ಲೆಫ್ಟ್ ಟ್ಯಾಕಲ್ ಜೋರ್ಡನ್ ಮೈಲಾಟ ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡ್ತಿದ್ದ ಹುಡುಗ. 2018ರಲ್ಲಿ ಆಯ್ಕೆಯಾದಾಗ ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರಲಿಲ್ಲ. ಕೊನೇ ಸುತ್ತಿನ ಆಯ್ಕೆ. ಎರಡು ಸೀಸನ್ ಅವನನ್ನ ಆಡಿಸದೇ ಕಲಿಸಿದ್ರು. ಮೂರನೇ ವರ್ಷ ಇಳಿಸಿದ್ರು. 2025ರಲ್ಲಿ ಕಪ್ ಎತ್ತಿದ ಲೈನ್‌ನಲ್ಲಿ ಅವನಿದ್ದ. ನಾವು ಹೊಸ ಹುಡುಗನಿಗೆ ಎರಡು ಪಂದ್ಯ ಕೊಡಲ್ಲ, ಒಂದು ಟಚ್ ಆದ್ರೆ "ತೆಗೀರೋ ಅವನ್ನ" ಅಂತ ಕೂಗ್ತೀವಿ.

ಎರಡನೇದು, ನಾಲ್ಕು ಜನನ ಒಡೀಬಾರದು. ಎರಡು ಕಾರ್ನರ್, ಎರಡು ಕವರ್. ಒಂದು ಸಲ ಕೂಡಿಸಿದ್ರೆ ಎರಡು ವರ್ಷ ಅದೇ ನಾಲ್ಕು. ಗಾಯ ಆದ್ರೆ ಆ ಜಾಗದಲ್ಲೇ ಕಲಿತ ಐದನೆಯೋನು ಬರಬೇಕು, ನನ್ನಂಥ ಪಕ್ಕದ ಜಾಗದೋನಲ್ಲ. ಕೈ ಹಿಡಿದು ಚೈನ್ ಮಾಡೋದು ಅಂದ್ರೆ ಫೋಟೋಗೆ ಕೈ ಹಿಡಿಯೋದಲ್ಲ. ನನ್ನ ಲೆಫ್ಟ್ ಕವರ್ ಭುಜ ಯಾವಾಗ ಬಿಗಿಯಾಗುತ್ತೆ ಅಂತ ಅವನ ಬೆರಳು ಹಿಡಿದ್ರೆ ನನಗೆ ತಿಳಿಯುತ್ತೆ. ಅದು ಮೂರು ವರ್ಷ ಒಟ್ಟಿಗೆ ಆಡಿದ್ದಕ್ಕೆ ಬಂದಿದ್ದು. ಪಂದ್ಯದ ಬೆಳಗ್ಗೆ ಬಸ್ಸಿಳಿದು ಬರೋ ಗೆಸ್ಟ್‌ಗೆ ಇದನ್ನ ಯಾವ ದುಡ್ಡು ಕೊಟ್ಟು ಕಲಿಸ್ತೀರಿ? ರೈಡರ್ ಹೊರಗಿಂದ ಬಂದ್ರೆ ನಡೆಯುತ್ತೆ, ಅವನು ಒಬ್ಬನೇ ಹೋಗೋನು. ಹಿಡಿಯೋರು ಊರಲ್ಲೇ ಬೆಳೀಬೇಕು.

ತೂಕದ ವಿಷಯ ಸಣ್ಣದಾಗಿ ಹೇಳ್ಬಿಡ್ತೀನಿ. ತೂಕದ ಪಂದ್ಯಾವಳಿಗೆ ಎರಡು ದಿನ ಊಟ ಬಿಟ್ಟು, ಸ್ವೆಟರ್ ಹಾಕ್ಕೊಂಡು ಕೆರೆ ಏರಿ ಮೇಲೆ ಓಡೋದು ಯಾವಾಗಲೂ ಡಿಫೆಂಡರ್‌ಗಳೇ, ಯಾಕಂದ್ರೆ ದಪ್ಪ ಇರೋರು ಅವರೇ. ತೂಕ ಆದ ಮೇಲೆ ಗಬಗಬ ತಿಂದು ಅಂಕಣಕ್ಕಿಳಿದ್ರೆ ಕಾಲಲ್ಲಿ ಶಕ್ತಿ ಎಲ್ಲಿಂದ ಬರುತ್ತೆ. ಇದನ್ನ ನಿಲ್ಲಿಸ್ರಪ್ಪ. ಒಂದು ತಿಂಗಳ ಮುಂಚೆನೇ ಯಾರು ಯಾವ ತೂಕಕ್ಕೆ ಅಂತ ಬರೆದಿಟ್ರೆ ಮುಗೀತು.

ಭಾಗ 6

ಎದುರು ಮಾತು ಇಲ್ಲ ಅಂತಲ್ಲ. ಮೀಟಿಂಗಲ್ಲಿ ನಮ್ಮ ಸೀನಿಯರ್ ಅಣ್ಣ ಒಬ್ಬರು ಕೇಳಿದ ಪ್ರಶ್ನೆಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. "ಲೇ ತಮ್ಮಾ, ದುಡ್ಡು ಕೊಟ್ಟೋರು ಬಂದು ಕೂರೋದು ರೈಡ್ ನೋಡೋಕೆ. ಒಳ್ಳೇ ರೈಡರ್ ಐತೆ ಅಂದ್ರೆ ಮುಂದಿನ ವರ್ಷ ಇನ್ನೈದು ಸಾವಿರ ಜಾಸ್ತಿ ಬರುತ್ತೆ. ಡಿಫೆನ್ಸ್ ಚೆನ್ನಾಗಿದೆ ಅಂತ ಯಾರು ಕೊಡ್ತಾರೆ?"

ಅಣ್ಣಾ, ನೀವು ಹೇಳಿದ್ದು ನಿಜ. ರೀಲ್ಸ್ ಓಡೋದೂ ರೈಡರ್‌ದೇ. ನನ್ನ ಈ ಪೇಜ್‌ನಲ್ಲೇ ಅತಿ ಹೆಚ್ಚು ಲೈಕ್ ಬಂದಿರೋದು ಒಂದು ಡುಬ್ಕಿಗೆ. ಆದ್ರೆ ಒಂದು ವಿಷಯ ನೀವೂ ನೋಡಿದೀರಿ. ಮೂರೇ ಜನ ಉಳಿದಾಗ ಸೂಪರ್ ಟ್ಯಾಕಲ್ ಆದ್ರೆ ಆ ಕೂಗು ಹೇಗಿರುತ್ತೆ? ಎರಡು ಪಾಯಿಂಟ್, ಟ್ರ್ಯಾಕ್ಟರ್ ಮೇಲೆ ಕೂತೋರೆಲ್ಲ ಎದ್ದು ನಿಲ್ತಾರೆ. ನೋಡೋರಿಗೆ ಡಿಫೆನ್ಸ್ ಇಷ್ಟ ಇಲ್ಲ ಅಂತಲ್ಲ, ನಾವು ಅವರಿಗೆ ಒಳ್ಳೇ ಡಿಫೆನ್ಸ್ ತೋರಿಸಿಲ್ಲ.

ಇನ್ನೊಂದು ಮಾತು ಬಂತು, ನಾನು ರೈಟ್ ಕವರ್ ಆಗಿರೋದಕ್ಕೆ ಹೀಗೆ ಹೇಳ್ತೀನಿ ಅಂತ. ಹೌದು, ಸ್ವಲ್ಪ ಅದೂ ಇರಬಹುದು.

ಭಾಗ 7

ಕೊನೇ ಫೋಟೋ. ಇದು ಹೋದ ವಾರ ತೆಗೆದಿದ್ದು. ಲೆಫ್ಟ್ ಕಾರ್ನರ್ ಅವರ ಗದ್ದೆ ಬದುವಿನ ಮೇಲೆ ಕೂತಿದಾನೆ, ಹಿಂದೆ ಭದ್ರಾ ನಾಲೆ ನೀರು. ಈ ಸಲ ಮುಖ ಪೂರ್ತಿ ಬಂದಿದೆ. ಅವನ ಅನುಮತಿ ಕೇಳಿ ಹಾಕಿದೀನಿ, ಹೆಸರು ಬೇಡ ಅಂದ.

ಮೊಣಕಾಲು ಇನ್ನೂ ಪೂರ್ತಿ ವಾಸಿ ಆಗಿಲ್ಲ. ಎರಡು ವರ್ಷದಿಂದ ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ ಆಡಿದಾನೆ. ಒಂದು ಸಲ ಡಾಕ್ಟರ್ ಹತ್ರ ಹೋದಾಗ ಸ್ಕ್ಯಾನ್ ಮಾಡಿಸು ಅಂದ್ರಂತೆ. ರೇಟ್ ಕೇಳಿ ವಾಪಸ್ ಬಂದ. ನಮಗ್ಯಾರಿಗೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ವರ್ಷವೇ ನಾವು ಗೆಸ್ಟ್ ರೈಡರ್‌ಗೆ ಹತ್ತು ಸಾವಿರ ಕೊಟ್ಟಿದ್ದು. ಇದನ್ನ ಬರೆಯುವಾಗ ನನಗೆ ನಾಚಿಕೆ ಆಗ್ತಿದೆ, ಓದುವಾಗ ನಿಮಗೂ ಆಗ್ಲಿ.

ಈಗ ಅವನು ಬೆಂಗಳೂರಿಗೆ ಗೋಡೌನ್ ಕೆಲಸಕ್ಕೆ ಹೋಗ್ತೀನಿ ಅಂತಿದಾನೆ. "ಇಲ್ಲಿ ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಕಣೋ" ಅಂದ. ನಾನು ಹಂಗಲ್ಲ ಕಣೋ ಅಂತ ಹೇಳೋಕೆ ಬಾಯಿ ತೆಗೆದೆ. ಮೊದಲನೇ ಫೋಟೋ ನೆನಪಾಯ್ತು, ಸುಮ್ನಾದೆ.

ಹಾಗಾಗಿ 22 ಸಾವಿರಕ್ಕೆ ನನ್ನ ಲೆಕ್ಕ ಇದು. ಮೊದಲು ಅವನ ಮೊಣಕಾಲಿನ ಸ್ಕ್ಯಾನ್ ಮತ್ತು ಫಿಸಿಯೋಥೆರಪಿ, ಎಷ್ಟಾಗುತ್ತೋ ಅಷ್ಟು. ನಾಲ್ಕೂ ಡಿಫೆಂಡರ್‌ಗಳಿಗೆ ಒಳ್ಳೇ ನೀ ಕ್ಯಾಪ್. ಮ್ಯಾಟ್ ಇರೋ ಕಡೆ ವಾರಕ್ಕೊಂದು ದಿನ ಪ್ರಾಕ್ಟೀಸ್‌ಗೆ ಹೋಗೋ ಖರ್ಚು, ಯಾಕಂದ್ರೆ ಮಣ್ಣಲ್ಲಿ ಕಲಿತ ಆಂಕಲ್ ಹೋಲ್ಡ್ ಮ್ಯಾಟ್ ಮೇಲೆ ಜಾರುತ್ತೆ. ಗರಡಿ ಹುಡುಗರಲ್ಲಿ ಇಬ್ಬರನ್ನ ಈಗಲೇ ಕರೆದು ಒಬ್ಬನಿಗೆ ಎಡ ಮೂಲೆ, ಒಬ್ಬನಿಗೆ ಬಲ ಮೂಲೆ ಕಲಿಸೋದು. ಅವರಿಗೆ ಈ ದೀಪಾವಳಿಗೆ ಆಡಿಸೋದು ಬೇಡ, ಮುಂದಿನ ವರ್ಷಕ್ಕೆ. ಮೊಟ್ಟೆ, ಶೇಂಗಾ, ಬಾಳೆಹಣ್ಣು. ಜೆರ್ಸಿ ಹಳೇದೇ ಇರಲಿ, ಹರಿದಿರೋದು ಎರಡು, ಅವನ್ನ ನಾನು ಹೊಲಿಸ್ತೀನಿ. ರೈಡ್‌ಗೆ ನಮ್ಮ ಊರ ಹುಡುಗರೇ ಇಬ್ಬರಿದಾರೆ. ಈ ದೀಪಾವಳಿಗೆ ನಾವು ಲೀಗ್‌ನಲ್ಲೇ ಹೊರಗೆ ಬೀಳಬಹುದು, ಅದನ್ನೂ ಈಗಲೇ ಹೇಳಿಬಿಡ್ತೀನಿ.

ಭಾನುವಾರ ಸಂಜೆ ಏಳಕ್ಕೆ ಅದೇ ಕಟ್ಟೆ ಮೇಲೆ ಮತ್ತೆ ಮೀಟಿಂಗ್. ಅವನು ಬಸ್ ಟಿಕೆಟ್ ಇನ್ನೂ ಮಾಡಿಸಿಲ್ಲ, ಸೋಮವಾರ ಮಾಡಿಸ್ತೀನಿ ಅಂದಿದಾನೆ. ಬರೋರು ಬರ್ರಿ. ಮತ್ತೆ ದಯವಿಟ್ಟು, ಯಾರ ಹತ್ರ ಆ ಸೆಮಿಫೈನಲ್ ವೀಡಿಯೋ ಐತೋ, ಅವನ ಐದು ಹಿಡಿತದ್ದು, ನನಗೆ ಕಳಿಸಿ.

#ಹದಡಿ #ಕಬಡ್ಡಿ #ಲೆಫ್ಟ್‌ಕಾರ್ನರ್